ಚಿರಂಜೀವಿಯ ಸಾವು
ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಆಗಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಚಿಕ್ಕನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಈ ಮಳೆಗಾಲ ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ಅನ್ನು ಹಾಗೆಯೇ ಓದಿದೆ, ಹಳಗನ್ನಡದ ಒಂದೊಂದು ಮಾತನ್ನೂ ಅಲ್ಲಾಡಿಸಿ. ಶ್ರೀಯವರು ಹುಟ್ಟಿದ್ದು 1884ರಲ್ಲಿ, ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಗ್ರೀಕ್ ಕವಿ ಸೊಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ಅವರು ಕುರುಕ್ಷೇತ್ರಕ್ಕೆ ತಂದರು. ಮೂಲವನ್ನೂ ಮತ್ತೆ ತೆಗೆದೆ. ಯುದ್ಧಕ್ಕೆ ಹೊರಟ ಏಜಾಕ್ಸ್‌ಗೆ ತಂದೆ, ದೈವವನ್ನು ಜೊತೆಗಿಟ್ಟುಕೊಂಡೇ ಗೆಲ್ಲು ಅನ್ನುತ್ತಾನೆ. ದೈವದ ನೆರವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನನಗದು ಬೇಡ ಎಂದು ಮಗನ ಉತ್ತರ. ಮುಂದೆ ಅಥೀನಾ ದೇವತೆ ಕವಿಸಿದ ಮರುಳಿನಲ್ಲಿ, ಶತ್ರುಗಳೆಂದುಕೊಂಡು ದನಕುರಿಗಳನ್ನು ಕಡಿಯುತ್ತಾನೆ. ಬುದ್ಧಿ ತಿಳಿಯಾದಾಗ ನಾಚಿಕೆ ತಾಳದೆ ತನ್ನ ಕತ್ತಿಯ ಮೇಲೇ ಬೀಳುತ್ತಾನೆ. ಆ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿ, ಚಿರಂಜೀವಿಯನ್ನು ಸಾಯಿಸಿದ್ದು ಸರಿಯೇ ಎಂಬ ಜಗಳ ಹಳೆಯದು. ನಾನು ಶ್ರೀಯವರ ಕಡೆ. ಮಹಾಭಾರತದಲ್ಲಿ ಅಲೆದಾಡುವ ಶಾಪ ಅವನಿಗೆ ಹೊರಗಿನಿಂದ ಬರುತ್ತದೆ. ರುದ್ರನಾಟಕದಲ್ಲಿ ತೀರ್ಪನ್ನು ತಾನೇ ಕೊಟ್ಟುಕೊಳ್ಳುತ್ತಾನೆ. ವಿಧಿ ಎಲ್ಲಿ ಮುಗಿಯಿತು, ಹಮ್ಮು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಈ ಓದಿನಲ್ಲೂ ನನ್ನಿಂದಾಗಲಿಲ್ಲ. ಹೆಚ್ಚು ಕಾಡಿದವನು ಮೂಲದಲ್ಲಿ ಏಜಾಕ್ಸ್‌ನ ಹಗೆಯಾದ ಒಡಿಸ್ಸಿಯಸ್. ಹಗೆಯ ಹುಚ್ಚನ್ನು ನೋಡಿ ನಗು ಎಂದು ದೇವತೆಯೇ ಹೇಳಿದರೂ ಅವನು ನಗುವುದಿಲ್ಲ. ಆ ಗತಿಯಲ್ಲಿ ತನ್ನದನ್ನೂ ಕಾಣುತ್ತಾನೆ. ಕೊನೆಗೆ ಹೆಣವನ್ನು ಮಣ್ಣು ಮಾಡಲು ಬಿಡು ಎಂದು ದೊರೆಯೊಡನೆ ವಾದಕ್ಕೆ ನಿಲ್ಲುವವನೂ ಅವನೇ.