ದಾದಿಯ ಓದಿಗೆ ಬಾಗಿಲು ಮುಚ್ಚಿದವರು ಯಾರು?

ಕಳೆದ ವಾರ ಗಿರಣಿಯ ಎರಡನೆಯ ಪಾಳಿ ಬಿಟ್ಟ ಹೊತ್ತಿಗೆ ಕಾರ್ಮಿಕ ಬಂಧುವೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದರು. ಹುಡುಗಿಯ ಕೈಯಲ್ಲಿ ಪಿಯುಸಿ ಅಂಕಪಟ್ಟಿ. ಕಲಾ ವಿಭಾಗದಲ್ಲಿ ಶೇಕಡಾ 82. ಅಜ್ಜಿ ಸರಕಾರಿ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ಅಲ್ಲಿಯ ದಾದಿಯರ ಕೆಲಸವನ್ನು ಹತ್ತಿರದಿಂದ ಕಂಡು, ತಾನೂ ಅದನ್ನೇ ಕಲಿಯಬೇಕೆಂದು ಅವಳು ನಿಶ್ಚಯಿಸಿದ್ದಳು. ಬಿ.ಎಸ್‌ಸಿ. ನರ್ಸಿಂಗ್ ಕಾಲೇಜಿಗೆ ಹೋದರೆ ಗುಮಾಸ್ತರು ಅಂಕಪಟ್ಟಿಯನ್ನು ಒಮ್ಮೆ ನೋಡಿ, "ಜೀವಶಾಸ್ತ್ರ ಇಲ್ಲ, ಅರ್ಹತೆ ಇಲ್ಲ" ಎಂದು ಹಿಂದಕ್ಕೆ ಕೊಟ್ಟರಂತೆ. ತಂದೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಎಂಬತ್ತೆರಡು ಬಂದವಳಿಗೆ ಸೀಟಿಲ್ಲ, ನಲವತ್ತೈದು ಬಂದವರಿಗೆ ಉಂಟು. ಇದು ಯಾವ ನ್ಯಾಯ ಸ್ವಾಮಿ?"

ಈ ಪ್ರಶ್ನೆ ಒಬ್ಬರದಲ್ಲ. ಗಿರಣಿಯ ಲೈನುಗಳಲ್ಲಿ, ಪೇಟೆಯ ಸಣ್ಣ ಅಂಗಡಿಗಳ ಹಿಂದಿನ ಮನೆಗಳಲ್ಲಿ, ಪ್ರತಿ ವರ್ಷ ಫಲಿತಾಂಶ ಬಂದ ತಿಂಗಳಲ್ಲಿ ಈ ಮಾತು ಏಳುತ್ತದೆ. ಆದುದರಿಂದ ಇದಕ್ಕೆ ಬಹಿರಂಗವಾಗಿಯೇ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ನಿಯಮವೇನೆಂಬುದನ್ನು ತಿಳಿಯೋಣ. 1947ರ ಕಾಯಿದೆಯಂತೆ ರಚಿತವಾದ ಭಾರತೀಯ ನರ್ಸಿಂಗ್ ಪರಿಷತ್ತು ಈ ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುತ್ತದೆ. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಸೇರುವ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ವಯಸ್ಸು ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಈ ಮೂರೂ ಸೇರಿ ಶೇಕಡಾ 45 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 40. ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಪಾಸಾಗಿರಬೇಕು. ದೇಹ ಆರೋಗ್ಯವಾಗಿರಬೇಕು. ಮದುವೆಯಾದವರಿಗೆ ಅಡ್ಡಿಯಿಲ್ಲ. ಗಂಡುಮಕ್ಕಳೂ ಸೇರಬಹುದು. 2021ರಲ್ಲಿ ಹೊರಬಿದ್ದ ಪರಿಷ್ಕೃತ ನಿಯಮಾವಳಿ ಪ್ರವೇಶ ಪರೀಕ್ಷೆಯನ್ನೂ ಸೇರಿಸಿತು. ನಮ್ಮ ರಾಜ್ಯದಲ್ಲಿ 2023ರಿಂದ ಸರಕಾರಿ ಕೋಟಾದ ಸೀಟುಗಳು ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ ಹಂಚಿಕೆಯಾಗುತ್ತಿವೆ.

ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಮೂರು ವಿಷಯಕ್ಕೆ 300 ಅಂಕ. ಅದರಲ್ಲಿ 135 ಬೇಕು. ಪರಿಶಿಷ್ಟರಿಗೆ 120. ಬರೀ ಪಾಸಾದರೆ ಸಾಲದು. ಆದರೆ ಒಂದು ವಿಷಯದಲ್ಲಿ ನಲವತ್ತು ಬಂದು ಇನ್ನೊಂದರಲ್ಲಿ ಐವತ್ತು ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೊರತೆ ಬಿದ್ದವರೂ ಕೈಚೆಲ್ಲಿ ಕೂರಬೇಕಾಗಿಲ್ಲ. ನಮ್ಮಲ್ಲಿ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಇಷ್ಟು ಸಂಗತಿ ಎಷ್ಟು ಮನೆಗಳಿಗೆ ಮುಟ್ಟಿದೆ?

ಇನ್ನು ನ್ಯಾಯದ ಮಾತು. ಬಡವರ ಮಕ್ಕಳಿಗೆ ಅನುಕೂಲವಾಗಲಿ, ವಿಜ್ಞಾನದ ಈ ನಿಯಮವನ್ನೇ ತೆಗೆದುಹಾಕಿ ಎಂದು ಕೂಗಿದರೆ ಚಪ್ಪಾಳೆ ಸುಲಭವಾಗಿ ಸಿಗುತ್ತದೆ. ನಾವು ಆ ಕೂಗನ್ನು ಹಾಕುವುದಿಲ್ಲ. ಅರ್ಧ ಲೀಟರು ದ್ರಾವಣ ನಾಲ್ಕು ತಾಸಿನಲ್ಲಿ ರೋಗಿಯ ರಕ್ತನಾಳಕ್ಕೆ ಹೋಗಬೇಕು. ಒಂದು ಮಿಲಿ ಲೀಟರಿಗೆ ಹದಿನೈದು ಹನಿ ಬೀಳುವ ನಳಿಕೆಯಿದೆ. ಹಾಗಾದರೆ ನಿಮಿಷಕ್ಕೆ ಎಷ್ಟು ಹನಿ? ಸುಮಾರು 31. ನಡುರಾತ್ರಿಯ ಪಾಳಿಯಲ್ಲಿ, ಡಾಕ್ಟರು ದೂರದಲ್ಲಿರುವಾಗ, ಈ ಲೆಕ್ಕವನ್ನು ಮಾಡುವವಳು ದಾದಿ. ಮೂತ್ರ ಕಡಿಮೆಯಾಯಿತು, ಉಸಿರಾಟದ ವೇಗ ಏರಿತು ಎಂದರೆ ದೇಹದೊಳಗೆ ಏನಾಗುತ್ತಿದೆಯೆಂದು ಮೊದಲು ಗುರುತಿಸಬೇಕಾದವಳೂ ಅವಳೇ. ಎರಡು ಔಷಧಗಳನ್ನು ಒಂದೇ ನಳಿಕೆಯಲ್ಲಿ ಕೊಡಬಹುದೇ ಕೂಡದೇ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. ಸರಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮಲಗುವವರು ಯಾರು? ನಮ್ಮವರೇ. ದಾದಿಯ ಕಲಿಕೆಯ ಮಟ್ಟ ಇಳಿದರೆ ಮೊದಲು ಪ್ರಾಣಕ್ಕೆ ಸಂಚಕಾರ ಬರುವುದು ಅದೇ ಗಿರಣಿ ಕಾರ್ಮಿಕನಿಗೆ. ಆದುದರಿಂದ ನಿಯಮ ಇರಲಿ.

ಹಾಗಾದರೆ ತಪ್ಪು ಎಲ್ಲಿದೆ? ಬಾಗಿಲು ಮುಚ್ಚಿದ್ದು ನರ್ಸಿಂಗ್ ಕಾಲೇಜಿನ ಕಿಟಕಿಯ ಬಳಿ ಎಂದು ನಮ್ಮ ಬಂಧುಗಳು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಮುಚ್ಚಿದ್ದು ಎರಡು ವರ್ಷ ಮೊದಲು, ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಪಿಯುಸಿ ಅರ್ಜಿಯಲ್ಲಿ ವಿಭಾಗ ಬರೆದ ದಿನ. ಆ ದಿನ ಹುಡುಗಿಗೆ ಹದಿನೈದೋ ಹದಿನಾರೋ ವಯಸ್ಸು. ತಂದೆ ಪಾಳಿಯಲ್ಲಿ. ನಡೆದು ಹೋಗುವಷ್ಟು ಹತ್ತಿರವಿದ್ದ ಕಾಲೇಜಿನಲ್ಲಿ ಇದ್ದದ್ದು ಕಲಾ ಮತ್ತು ವಾಣಿಜ್ಯ. ವಿಜ್ಞಾನ ಬೇಕೆಂದರೆ ಎರಡು ಬಸ್ಸು ಬದಲಿಸಬೇಕು, ಮನೆಪಾಠಕ್ಕೆ ದುಡ್ಡು ಸುರಿಯಬೇಕು. "ಹೇಗೂ ಹೆಣ್ಣುಮಗಳು, ಹತ್ತಿರದಲ್ಲೇ ಓದಲಿ" ಎಂದು ಮನೆಯವರು ತೀರ್ಮಾನಿಸಿದರು. ಆ ತೀರ್ಮಾನದಿಂದ ಯಾವ ಯಾವ ದಾರಿ ಕಡಿದುಹೋಗುತ್ತದೆಂದು ಅವರಿಗೆ ಹೇಳಿದವರು ಒಬ್ಬರೂ ಇಲ್ಲ.

ವಿಜ್ಞಾನ ತೆಗೆದುಕೊಂಡವರೂ ಮೋಸ ಹೋಗುವುದುಂಟು. ಒಬ್ಬ ಕಿರಾಣಿ ಅಂಗಡಿಯವರ ಮಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಕಂಪ್ಯೂಟರ್ ವಿಜ್ಞಾನ ಆರಿಸಿಕೊಂಡಳು. ಓದಿನಲ್ಲಿ ಜಾಣೆ. ಆದರೆ ಜೀವಶಾಸ್ತ್ರ ಬಿಟ್ಟುದರಿಂದ ಅವಳಿಗೂ ನರ್ಸಿಂಗ್ ಪದವಿಯ ದಾರಿ ಬಂದ್. ಅರ್ಜಿಯ ಒಂದು ಚೌಕದಲ್ಲಿ ಹಾಕಿದ ಒಂದು ಗುರುತು ಜೀವನದ ದಿಕ್ಕನ್ನೇ ಬದಲಿಸಿತು. ವಕೀಲರ ಮನೆಯಲ್ಲಿ, ಡಾಕ್ಟರ ಮನೆಯಲ್ಲಿ ಇದನ್ನು ಊಟದ ಹೊತ್ತಿಗೆ ಮಾತಾಡಿ ನಿರ್ಧರಿಸುತ್ತಾರೆ. ಕಾರ್ಮಿಕನ ಮನೆಯಲ್ಲಿ ಎರಡು ವರ್ಷ ಕಳೆದ ಮೇಲೆ ಗುಮಾಸ್ತರ ಬಾಯಿಂದ ಕೇಳಿ ತಿಳಿಯುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು?

ಈ ಓದಿನ ಹಿಂದಿನ ಚರಿತ್ರೆಯನ್ನೂ ಸ್ವಲ್ಪ ನೆನೆಯಬೇಕು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದೇಶದಲ್ಲಿ ದಾದಿಯರ ಅಭಾವ ಎಷ್ಟು ಭೀಕರವೆಂಬುದನ್ನು ತೋರಿಸಿ, ಮಾಧ್ಯಮಿಕ ಶಾಲೆ ಮುಗಿಸಿದವರಿಗೆ ಒಂದು, ಮೆಟ್ರಿಕ್ ಆದವರಿಗೆ ಒಂದು, ಹೀಗೆ ಎರಡು ದರ್ಜೆಯ ತರಬೇತಿಯನ್ನು ಸೂಚಿಸಿತ್ತು. ಅದೇ ವರ್ಷ ದಿಲ್ಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ಅಂದಿನ ಆಸ್ಪತ್ರೆ ಶಾಲೆಗಳಲ್ಲಿ ಕಲಿಯುವ ಹುಡುಗಿ ವಾರ್ಡಿನಲ್ಲಿ ದುಡಿಯುತ್ತಿದ್ದಳು. ಆಸ್ಪತ್ರೆ ಅವಳಿಗೆ ವಸತಿ, ಊಟ, ಒಂದಿಷ್ಟು ಭತ್ಯೆ ಕೊಡುತ್ತಿತ್ತು. ದುಡಿತ ವಿಪರೀತವಾಗಿತ್ತು, ಶಿಸ್ತು ಕಠೋರವಾಗಿತ್ತು ಎಂಬುದು ನಿಜ. ಆದರೂ ಬರಿಗೈಯ ಮನೆಯ ಮಗಳು ಒಳಗೆ ಕಾಲಿಡಬಹುದಿತ್ತು. ಆಮೇಲೆ ಶಿಕ್ಷಣದ ಮಟ್ಟ ಏರಿತು, ಒಳ್ಳೆಯದೇ ಆಯಿತು. ಮಟ್ಟದ ಜೊತೆಗೆ ಖರ್ಚೂ ಏರಿತು, ಅದು ತಂದೆಯ ಹೆಗಲಿಗೆ ಬಿತ್ತು. ಓದು ಆಸ್ಪತ್ರೆಯ ಅಂಗಳದಿಂದ ಖಾಸಗಿ ಕಾಲೇಜುಗಳ ಪೇಟೆಗೆ ಬಂತು. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ರೈಲು ಹತ್ತಿ ಬರುತ್ತಾರೆ. ಬರಲಿ, ಅವರೂ ದುಡಿಯುವವರ ಮಕ್ಕಳೇ. ಆದರೆ ಕಾಲೇಜಿನ ಪಕ್ಕದ ಓಣಿಯ ಹುಡುಗಿಗೆ ಒಳಗೆ ಹೋಗುವ ದಾರಿ ಗೊತ್ತಿಲ್ಲವೆಂದರೆ ಅದು ನಮ್ಮ ಸರಕಾರದ ಶಿಕ್ಷಣ ವ್ಯವಸ್ಥೆಗೆ ಶೋಭೆಯಲ್ಲ.

ಇಂಗ್ಲಿಷಿನ ತೊಡಕೂ ಸಣ್ಣದಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವಳು ಒಮ್ಮೆಲೇ ಇಂಗ್ಲಿಷಿನ ದಪ್ಪ ಪುಸ್ತಕದ ಮುಂದೆ ಕೂರಬೇಕು. ಔಷಧದ ಹೆಸರು, ಡಾಕ್ಟರ ಬರಹ ಇಂಗ್ಲಿಷಿನಲ್ಲಿರುವ ತನಕ ಅದನ್ನು ಕಲಿಯಲೇಬೇಕು, ಒಪ್ಪಿದೆವು. ಆದರೆ ಕಲಿಸುವ ಹೊಣೆ ಯಾರದು? ಅದೇ ಆಸ್ಪತ್ರೆಯಲ್ಲಿ ಮುದುಕಿಯೊಬ್ಬಳು "ಎದೆ ಹಿಂಡಿದ ಹಾಗಾಗುತ್ತೆ ಮಗಾ" ಎಂದಾಗ ಅದರ ಅರ್ಥ ತಿಳಿಯಲು ಬೇಕಾದದ್ದು ಕನ್ನಡ. ಆ ಭಾಷೆಯಲ್ಲಿ ಹುಟ್ಟಿ ಬೆಳೆದವಳ ಶಕ್ತಿಗೆ ಪ್ರವೇಶದ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ.

ನಮ್ಮ ಕಚೇರಿಗೆ ಬಂದ ಹುಡುಗಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಇದನ್ನು ಎಲ್ಲ ಓದುಗರೂ ಗಮನಿಸಬೇಕು. ಜಿ.ಎನ್.ಎಂ. ಎಂಬ ಮೂರು ವರ್ಷದ ಡಿಪ್ಲೊಮಾಕ್ಕೆ ಪರಿಷತ್ತಿನ ನಿಯಮದ ಪ್ರಕಾರ ಕಲಾ, ವಾಣಿಜ್ಯ ಓದಿದವರೂ ಸೇರಬಹುದು. ಪಿಯುಸಿಯಲ್ಲಿ ಶೇಕಡಾ 40 ಅಂಕ ಮತ್ತು ಇಂಗ್ಲಿಷಿನಲ್ಲಿ ಪಾಸು ಬೇಕು. ಅದನ್ನು ಮುಗಿಸಿ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದರೆ ಅವಳು ನರ್ಸು. ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಎಂಬ ಎರಡು ವರ್ಷದ ಓದು ಮುಗಿಸಿದರೆ ಪದವಿಯೂ ಕೈಗೆ ಬರುತ್ತದೆ. ನಾಲ್ಕರ ಬದಲು ಐದು ವರ್ಷ, ಅಷ್ಟೇ. ಇನ್ನೊಂದು ದಾರಿಯೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆ. ಅಲ್ಲಿ ವಿಜ್ಞಾನದ ವಿಷಯಗಳನ್ನೂ ಇಂಗ್ಲಿಷನ್ನೂ ಪಾಸು ಮಾಡಿದವರಿಗೆ ನೇರವಾಗಿ ಪದವಿಗೆ ಅರ್ಹತೆ ಉಂಟು. ವಿಷಯವನ್ನು ಕೇಳಿ ಆ ಹುಡುಗಿಯ ಮುಖ ಅರಳಿತು, ತಂದೆ ಮಾತ್ರ, "ಇದನ್ನು ಆ ಕಿಟಕಿಯಲ್ಲೇ ಯಾಕೆ ಹೇಳಲಿಲ್ಲ?" ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಕಂಡ ಕಂಡ ಫಲಕವನ್ನು ನಂಬಬೇಡಿ. ಆರು ತಿಂಗಳಲ್ಲಿ "ನರ್ಸ್" ಮಾಡುತ್ತೇವೆಂದು ಬಸ್ ನಿಲ್ದಾಣದ ಗೋಡೆಗೆ ಚೀಟಿ ಅಂಟಿಸುವವರು ಕೊಡುವ ಕಾಗದದಿಂದ ನೋಂದಣಿ ಸಿಗುವುದಿಲ್ಲ. ನೋಂದಣಿಯಿಲ್ಲದೆ ಸರಕಾರಿ ನರ್ಸ್ ಹುದ್ದೆ ಇಲ್ಲ. ಕಾಲೇಜಿಗೆ ಹೋದಾಗ ಮೂರು ಮಾತು ಕೇಳಿ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯೇ? ಪರಿಷತ್ತುಗಳ ಪಟ್ಟಿಯಲ್ಲಿ ಹೆಸರಿದೆಯೇ? ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು? ಕಾಲೇಜಿಗೆ ನೂರು ಹಾಸಿಗೆಯ ಮಾತೃ ಆಸ್ಪತ್ರೆ ಇರಬೇಕೆಂದು ಭಾರತೀಯ ಪರಿಷತ್ತು ಹೇಳುತ್ತದೆ. ಬಾಡಿಗೆ ಮಹಡಿಯಲ್ಲಿ ನಾಲ್ಕು ಬೆಂಚು ಹಾಕಿದರೆ ದಾದಿ ತಯಾರಾಗುವುದಿಲ್ಲ. ದಲ್ಲಾಳಿಗೆ ಮುಂಗಡ ಕೊಡಬೇಡಿ. ರಸೀದಿ ಇಲ್ಲದೆ ಹಣವನ್ನಾಗಲಿ ಮೂಲ ಅಂಕಪಟ್ಟಿಯನ್ನಾಗಲಿ ಯಾರ ಕೈಗೂ ಒಪ್ಪಿಸಬೇಡಿ.

ಗಿರಣಿ ಬಂಧುಗಳು ತಮಗಿರುವ ಹಕ್ಕನ್ನೂ ಬಿಡಬಾರದು. ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ ನಿಮ್ಮ ಪಗಾರದಿಂದ ವಂತಿಗೆ ಹೋಗುತ್ತದೆ. ಅದು ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಧನಸಹಾಯ ಕೊಡುತ್ತದೆ. ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜುಗಳಲ್ಲಿ ವಿಮಾದಾರರ ಮಕ್ಕಳಿಗೆಂದೇ ಇಟ್ಟ ಸೀಟುಗಳಿವೆ. ನರ್ಸಿಂಗ್ ಓದಿನ ಅನುಕೂಲವೇನೆಂದು ಇ.ಎಸ್.ಐ. ಕಚೇರಿಯಲ್ಲಿ ವಿಚಾರಿಸಿ. ಸಣ್ಣ ವ್ಯಾಪಾರಿಗಳ ಪಾಡು ಇದಕ್ಕಿಂತ ಕಷ್ಟ. ಅವರಿಗೆ ಪಗಾರವೂ ಇಲ್ಲ, ವಂತಿಗೆಯೂ ಇಲ್ಲ. ಅವರ ಮಕ್ಕಳಿಗೆ ಉಳಿದಿರುವುದು ಸರಕಾರಿ ಕಾಲೇಜಿನ ಸೀಟೊಂದೇ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಪ್ರತಿಯೊಂದು ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ವಿಭಾಗ ಇರಲಿ. ಪ್ರಯೋಗಶಾಲೆ ಇರಲಿ, ಕಲಿಸಲು ಖಾಯಂ ಉಪನ್ಯಾಸಕರಿರಲಿ. ಹತ್ತನೆಯ ತರಗತಿಯ ಪ್ರತಿ ಮಗುವಿನ ಮನೆಗೆ, ಯಾವ ವಿಭಾಗ ಓದಿದರೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬ ಒಂದು ಹಾಳೆ ಕನ್ನಡದಲ್ಲಿ ತಲುಪಲಿ. ದೇಶದಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ತೆರೆಯುವುದಾಗಿ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಪ್ರತಿ ಜಿಲ್ಲಾ ಆಸ್ಪತ್ರೆಯ ಅಂಗಳದಲ್ಲೂ ಅಂಥದೊಂದು ಸರಕಾರಿ ಕಾಲೇಜು, ಬಡ ಮಕ್ಕಳಿಗೆ ಹಾಸ್ಟೆಲು ಮತ್ತು ಭತ್ಯೆ ಸಹಿತ ಇರಲಿ. ಮೊದಲ ವರ್ಷದಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷನ್ನು ಕಾಲೇಜೇ ಕಲಿಸಲಿ.

2020ರ ಮಾರ್ಚ್ 22ರ ಸಂಜೆ ಈ ದೇಶ ಮನೆಯ ಹೊಸ್ತಿಲಲ್ಲಿ ನಿಂತು ಆಸ್ಪತ್ರೆಗಳಲ್ಲಿ ದುಡಿಯುವವರಿಗಾಗಿ ಚಪ್ಪಾಳೆ ತಟ್ಟಿತು, ತಟ್ಟೆ ಬಾರಿಸಿತು. ಆ ಸದ್ದು ಅಡಗಿ ಬಹಳ ದಿನವಾಯಿತು. ಅಂದು ತಟ್ಟೆ ಬಾರಿಸಿದ ಮನೆಯ ಮಗಳು ಇಂದು ತಾನೇ ದಾದಿಯಾಗುತ್ತೇನೆ ಎಂದು ಬಂದಿದ್ದಾಳೆ. "ಯಾವ ನ್ಯಾಯ?" ಎಂದು ಕೇಳಿದ ತಂದೆಗೆ ನಮ್ಮ ಉತ್ತರ ಇದು: ನಲವತ್ತೈದರ ನಿಯಮದಲ್ಲಿ ಅನ್ಯಾಯವಿಲ್ಲ. ನಿಮ್ಮ ಮಗಳ ಕಾಲೇಜಿನಲ್ಲಿ ಜೀವಶಾಸ್ತ್ರವೇ ಇರಲಿಲ್ಲವಲ್ಲ, ಅದರಲ್ಲಿದೆ ಅನ್ಯಾಯ. ಮುಂದಿನ ವರ್ಷ ಅದೇ ಓಣಿಯ ಇನ್ನೊಬ್ಬ ಹುಡುಗಿ ಅರ್ಜಿ ತುಂಬುವ ಮೊದಲು ಆ ವಿಭಾಗ ಅಲ್ಲಿ ತೆರೆಯಬೇಕು. ಅದಕ್ಕಾಗಿ ಶಾಸಕರ ಮನೆ ಬಾಗಿಲಿಗೆ ಹೋಗಬೇಕಾದವರು ಯೂನಿಯನ್ನಿನವರು, ವರ್ತಕರ ಸಂಘದವರು ಮತ್ತು ನಾವೆಲ್ಲರೂ.