ಮೆದು ನೀರು ಬೇರೆ, ಶುದ್ಧ ನೀರು ಬೇರೆ

ಚೊಕ್ಕಟವಾಗಿ ತೊಳೆದ ಕಾರು ಬಿಸಿಲಿಗೆ ಒಣಗಿದೊಡನೆ ಮೈತುಂಬ ಬಿಳಿ ಚುಕ್ಕೆ, ಸುಣ್ಣ ಚಿಮುಕಿಸಿದಂತೆ! ಅನಗವಾಡಿಯಿರಲಿ, ಬೀಳಗಿಯಿರಲಿ, ಮುಧೋಳವಿರಲಿ, ಬೋರಿನ ನೀರು ಬಳಸುವ ಮನೆಗಳಲ್ಲಿ ಇದು ನಿತ್ಯದ ನೋಟ. ಬೈಗುಳ ಮಾತ್ರ ಕಾರು ತೊಳೆದ ಹುಡುಗನಿಗೆ. 'ಒಂದು ಸಾಫ್ಟನರ್ ಕೂಡಿಸಿ, ಚುಕ್ಕೆ ಮಾಯ' ಎಂಬ ಸಲಹೆಯೂ ಸಿಗುತ್ತದೆ. ಪಾಲಕರು ಗಂಟು ಬಿಚ್ಚುವ ಮುನ್ನ ಪ್ರೌಢಶಾಲೆಯ ರಸಾಯನಶಾಸ್ತ್ರದ ಒಂದು ಪಾಠವನ್ನು ನೆನೆಯುವುದು ಒಳಿತು.

ತಪ್ಪು ಹುಡುಗನದಲ್ಲ, ನೀರಿನದು. ಲೋಕಾಪುರ, ಬಾಗಲಕೋಟೆಗಳ ಸುತ್ತ ಸುಣ್ಣಕಲ್ಲಿನ ಪದರಗಳಿವೆ. ಇಂಗಿದ ಮಳೆನೀರು ಇಂಥ ಕಲ್ಲನ್ನು ಕರಗಿಸುತ್ತ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಹೊತ್ತು ಗಡಸಾಗುತ್ತದೆ. ಲೀಟರಿಗೆ 1000 ಮಿಲಿಗ್ರಾಂ ಲವಣವಿರುವ ನೀರಿನಲ್ಲಿ ಕಾರು ತೊಳೆದು, ಕಾಲು ಲೀಟರ್ ನೀರು ಅದರ ಮೈಮೇಲೆಯೇ ಉಳಿಯಿತೆನ್ನಿ. ನೀರು ಆವಿಯಾಗುತ್ತದೆ, 250 ಮಿಲಿಗ್ರಾಂ ಲವಣ ಎಲ್ಲಿಗೆ ಹೋದೀತು? ಅದೇ ಚುಕ್ಕೆ.

ಸಾಫ್ಟನರ್ ಏನು ಮಾಡುತ್ತದೆ? ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಇದು ಅದಲು ಬದಲು, ವಿನಾ ಕಳೆಯುವ ಲೆಕ್ಕವಲ್ಲ. 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ 46 ಮಿಲಿಗ್ರಾಂ ಸೋಡಿಯಂ ಬರುತ್ತದೆ! ಸಾಬೂನು ನೊರೆ ಕೊಡುತ್ತದೆ, ಗೀಜರಿನಲ್ಲಿ ಹಕ್ಕಳೆ ಕಟ್ಟುವುದಿಲ್ಲ, ಕಾರಿನ ಚುಕ್ಕೆ ಒರೆಸಿದರೆ ಸುಲಭವಾಗಿ ಹೋಗುತ್ತದೆ. ಆದರೆ ಚುಕ್ಕೆ ಬೀಳುವುದು ತಪ್ಪದು.

ಲವಣವನ್ನೇ ತೆಗೆಯಲು ಎರಡು ದಾರಿಗಳಿವೆ. ಒಂದು, ಡಿ-ಅಯಾನೀಕರಣ. ಇಲ್ಲಿ ಎರಡು ಬಗೆಯ ರಾಳ. ಒಂದು ಹೈಡ್ರೋಜನ್ ಅಯಾನು ಬಿಡುತ್ತದೆ, ಇನ್ನೊಂದು ಹೈಡ್ರಾಕ್ಸಿಲ್ ಅಯಾನು ಬಿಡುತ್ತದೆ. ಎರಡೂ ಕೂಡಿ ನೀರೇ ಆಗುತ್ತದೆ. ಫಲಿತಾಂಶ ಉತ್ತಮ, ಆದರೆ ಲವಣ ಇಮ್ಮಡಿಯಾದರೆ ರಾಳದ ಆಯುಷ್ಯ ಅರ್ಧ. ಇನ್ನೊಂದು, ಆರ್.ಓ. ಒತ್ತಡದಿಂದ ನೀರನ್ನು ಪೊರೆಯ ಮೂಲಕ ತಳ್ಳಿ ಬಹುಪಾಲು ಲವಣವನ್ನು ಹಿಂದುಳಿಸುವ ವಿಧಾನವಿದು. ಮನೆಯ ಯಂತ್ರಗಳಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಹೊರಹೋಗುವುದುಂಟು. ಬೋರಿನ ನೀರಿಗೆ ಮೊದಲು ಆರ್.ಓ., ಬಳಿಕ ಡಿ-ಅಯಾನೀಕರಣ ಎಂಬ ಜೋಡಿಯೇ ಮಿತವ್ಯಯದ್ದು.

ಆದರೆ ಇಡೀ ಕಾರಿಗೆ ಈ ನೀರು ಬೇಕೆ? ಬೇಡ. ಸಾಬೂನು, ಕೆಸರು ತೊಳೆಯಲು ಸಾದಾ ನೀರು ಸಾಕು. ಕೊನೆಯ ಬಾರಿ ಸುರಿಯಲು ಮಾತ್ರ ಒಂದು ಬಕೆಟ್ ಶುದ್ಧ ನೀರು. ಅದನ್ನೂ ಪುಕ್ಕಟೆ ಕೊಡುವವನು ಮಳೆರಾಯ! 100 ಚದರ ಮೀಟರ್ ಆರ್.ಸಿ.ಸಿ. ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆಯಾದರೆ 1000 ಲೀಟರ್ ನೀರು. ಮೊದಲ ಮಳೆಯ ಧೂಳು ಹರಿಯಬಿಟ್ಟು, ಸೋಸಿ, ಮುಚ್ಚಿದ ಪೀಪಾಯಿಯಲ್ಲಿ ಹಿಡಿದಿಡಿ. ಮೇಲ್ಮುದ್ದೆಯ ಮನೆಯ ನೀರು ಮಾತ್ರ ಇದಕ್ಕೆ ಒದಗದು. ಮಳೆನೀರೂ ಇಲ್ಲದಿದ್ದರೆ ನೆರಳಿನಲ್ಲಿ ತೊಳೆದು, ಒಣಗುವ ಮುನ್ನ ಮೆತ್ತನೆಯ ಬಟ್ಟೆಯಿಂದ ಒರೆಸುವುದೇ ಉಪಾಯ.

ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು ಕಾರಿಗೆ ಸುರಿಯುವುದು ಬೇಡ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಪಡಿಸಿತ್ತು.

ಇನ್ನೊಂದು ಎಚ್ಚರಿಕೆ ಕಾರಿಗಿಂತ ದೊಡ್ಡದು. ಸಾಫ್ಟನರ್ ಬಂದಿತೆಂದು ಅದರ ನೀರನ್ನೇ ಮಕ್ಕಳಿಗೆ ಕುಡಿಸುವ ಮನೆಗಳಿರಬಹುದು. ನಮ್ಮ ಜಿಲ್ಲೆಯ ಕೆಲವೆಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಸಾಫ್ಟನರ್ ತೆಗೆಯದು. ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮಾಪಕವೂ ತೋರಿಸದು, ಅದು ಒಟ್ಟು ಲವಣವನ್ನಷ್ಟೇ ಅಂದಾಜಿಸುತ್ತದೆ. ಕುಡಿಯುವ ನೀರನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು. ಭಾರತೀಯ ಮಾನಕದಂತೆ (2012) ಲೀಟರಿಗೆ ಒಟ್ಟು ಲವಣ 500 ಮಿಲಿಗ್ರಾಂ, ಗಡಸುತನ 200, ಫ್ಲೋರೈಡ್ 1 ಮಿಲಿಗ್ರಾಂ ಮೀರದಿರುವುದು ಲೇಸು. ಸಾಫ್ಟನರ್ ತೊಳೆದ ಉಪ್ಪುನೀರನ್ನು ಗಿಡದ ಬುಡಕ್ಕೂ ಬಿಡಬೇಡಿ; ಎರೆ ಭೂಮಿ ಸವಳಾಗುವುದು ಎಷ್ಟು ಸುಲಭವೆಂದು ನಮ್ಮ ಕಬ್ಬಿನ ರೈತರಿಗೆ ಗೊತ್ತು.

ವಿದ್ಯಾರ್ಥಿಗಳೇ, ಒಂದು ಪ್ರಯೋಗ. ಸ್ವಚ್ಛ ಗಾಜಿನ ತುಂಡಿನ ಮೇಲೆ ಬೋರಿನ ನೀರು, ಹೊಳೆಯ ನೀರು, ಸಾಫ್ಟನರ್ ನೀರು, ಆರ್.ಓ. ನೀರು, ಮಳೆನೀರು, ಇವುಗಳ ಒಂದೊಂದು ಹನಿ ಬಿಡಿ. ಒಣಗಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು, ಯಾವ ಕಲೆ ದಟ್ಟ, ಯಾವುದು ತೆಳು ಎಂದು ಬರೆದು ತಂದೆಯವರಿಗೆ ತೋರಿಸಿ. ಯಂತ್ರ ಕೊಳ್ಳುವ ಮಾತು ಆಮೇಲೆ.