ಮೋಡದೊಳಗಿನ ಪಾಠ

ಶಾಲೆಯ ಅಂಗಳದಲ್ಲಿ ಮಕ್ಕಳು ಗಿರಗಿರನೆ ಸುತ್ತಿ ಥಟ್ಟನೆ ನಿಂತು, ಭೂಮಿಯೇ ತಿರುಗುತ್ತಿದೆಯೆಂದು ಕೂಗುವುದುಂಟು. ಒಳಗಿವಿಯ ಅರ್ಧವರ್ತುಲ ನಾಳಗಳಲ್ಲಿನ ದ್ರವವು ದೇಹ ನಿಂತ ಮೇಲೂ ಕ್ಷಣಕಾಲ ಚಲಿಸುತ್ತಿರುವುದೇ ಇದಕ್ಕೆ ಕಾರಣ. ಬಲು ಮೆಲ್ಲಗೆ ಆರಂಭವಾದ ಸುತ್ತನ್ನು ಆ ಕಿವಿ ಗುರುತಿಸುವುದೂ ಇಲ್ಲ. ಅಂಗಳದಲ್ಲಿ ಇದು ಆಟ; ಮೋಡದೊಳಗೆ ಹೊಕ್ಕ ವಿಮಾನಚಾಲಕನಿಗೆ ಪ್ರಾಣಸಂಕಟ. ದಿಗಂತ ಮರೆಯಾಗಿ ವಿಮಾನ ಒಂದು ಬದಿಗೆ ವಾಲಿದ್ದರೂ, ನೆಟ್ಟಗೆ ಸಾಗುತ್ತಿದ್ದೇನೆಂದೇ ಆತನ ಮೈ ಸಾಕ್ಷಿ ನುಡಿಯುತ್ತದೆ.

1954ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದರು. ಉಪಕರಣಗಳನ್ನು ನಂಬಿ ಹಾರುವ ಶಿಕ್ಷಣವಿಲ್ಲದ 20 ಮಂದಿಗೆ ಹೊರನೋಟವನ್ನು ಮರೆಮಾಡಿದಾಗ, ಅಷ್ಟೂ ಮಂದಿ ಹತೋಟಿ ತಪ್ಪಿದರು. ಸರಾಸರಿ ಕಾಲ 178 ಸೆಕೆಂಡು. ಮೂರು ನಿಮಿಷವೂ ತುಂಬಲಿಲ್ಲ!

ಕಣ್ಣಿಗೆ ಹೊರಗಿನದೇನೂ ಕಾಣದಿದ್ದರೂ ಹಾರಬಹುದೆಂದು ತೋರಿದವರು ಜೇಮ್ಸ್ ಡೂಲಿಟಲ್. 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡಿನಲ್ಲಿ, ಮುಸುಕು ಮುಚ್ಚಿದ ಆಸನದಲ್ಲಿ ಕುಳಿತು ಅವರು ಏರಿ, ಸುತ್ತಿ, ಇಳಿದರು. ಕೃತಕ ದಿಗಂತವೆಂಬ ಗೈರೋಸ್ಕೋಪ್ ಯಂತ್ರವೇ ಅವರ ಕಣ್ಣಾಗಿತ್ತು.

ಈ ವಿದ್ಯೆಗೆ ಇಂದು 'ಇನ್‌ಸ್ಟ್ರುಮೆಂಟ್ ರೇಟಿಂಗ್' ಎಂದು ಹೆಸರು. ಅಮೆರಿಕೆಯ ಸಾಮಾನ್ಯ ನಿಯಮದಂತೆ ಉಪಕರಣಗಳ ಆಧಾರದಲ್ಲಿ 40 ಗಂಟೆಗಳ ಅಭ್ಯಾಸ ಬೇಕು. ಶಿಷ್ಯನಿಗೆ ಕುದುರೆಯ ಕಣ್ಣುಪಟ್ಟಿಯಂತಹ ಮರೆ ತೊಡಿಸುತ್ತಾರೆ. ಕಿಟಕಿ ಕಾಣದು, ಮುಳ್ಳುಗಳಷ್ಟೇ ಕಾಣುವುವು. ಒಂದೇ ಮುಳ್ಳಿನಲ್ಲಿ ದೃಷ್ಟಿ ನೆಡಲಾಗದು. ವೇಗ, ಎತ್ತರ, ದಿಕ್ಕು, ವಾಲಿಕೆ ಎಲ್ಲವನ್ನೂ ಕಣ್ಣು ಸುತ್ತುತ್ತಿರಬೇಕು. ನಡುವೆ ಶಿಕ್ಷಕರು ಕೃತಕ ದಿಗಂತವನ್ನೇ ಮುಚ್ಚಿ, ಉಳಿದವುಗಳಿಂದ ಸಂಭಾಳಿಸೆನ್ನುತ್ತಾರೆ. ಇಂದ್ರಿಯಾನುಭವದಿಂದಲೇ ಕಲಿಸಿರೆಂದು ತರಬೇತಿ ಶಾಲೆಯಲ್ಲಿ ನಮಗೆ ಬೋಧಿಸಿದ್ದರು; ಇಲ್ಲಿಯಾದರೋ ಇಂದ್ರಿಯವನ್ನು ನಂಬಬೇಡವೆಂಬುದೇ ಮೊದಲ ಪಾಠ.

1999ರ ಜುಲೈ 16ರ ರಾತ್ರಿ ಅಧ್ಯಕ್ಷ ಕೆನಡಿಯವರ ಮಗ ಜಾನ್, ಮಬ್ಬು ಕವಿದ ಕಡಲಿನ ಮೇಲೆ ತಾವೇ ವಿಮಾನ ನಡೆಸುತ್ತ, ಪತ್ನಿ ಹಾಗೂ ಆಕೆಯ ಅಕ್ಕನೊಡನೆ ಮಡಿದರು. ದಿಕ್ಕು, ಇರವುಗಳ ಅರಿವು ತಪ್ಪಿ ಹತೋಟಿ ಕಳೆಯಿತೆಂದು ತನಿಖೆ ತಿಳಿಸಿತು. ಅವರು ಈ ಶಿಕ್ಷಣವನ್ನು ಅರ್ಧದಷ್ಟು ಮುಗಿಸಿದ್ದರು. ಲಿಖಿತ ಪರೀಕ್ಷೆಯಲ್ಲಂತೂ ಆಗಲೇ ತೇರ್ಗಡೆಯಾಗಿತ್ತು. ವರ್ಷವಿಡೀ ಉತ್ತರಪತ್ರಿಕೆ ತಿದ್ದುವ ನಮ್ಮಂಥವರು ಇದನ್ನು ಮರೆಯುವಂತಿಲ್ಲ.

ರೇಟಿಂಗ್ ಪಡೆದವರಿಗೂ ಬಿಡುವಿಲ್ಲ. ಕಳೆದ 6 ತಿಂಗಳೊಳಗೆ ಉಪಕರಣಗಳನ್ನೇ ನಂಬಿ 6 ಬಾರಿ ನೆಲದತ್ತ ಇಳಿದು ಅಭ್ಯಾಸ ಮಾಡದಿದ್ದರೆ, ಮೋಡದೊಳಗೆ ಚಾಲಕರಾಗಿ ಹೋಗಲು ಅಲ್ಲಿನ ಕಾನೂನು ಒಪ್ಪದು.